ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ: ಹೆಸರುಗಳು ಹಲವು, ಆಯುವ ಬಗೆ ಯಾವುದು?



ಈ ಅಂಕಣಕ್ಕೆ ಬರುವ ಪತ್ರಗಳು ಬಹುಮಟ್ಟಿಗೆ ಶಬ್ದಗಳ ಅರ್ಥ, ಆಚಾರ ವಿಚಾರ, ಮಕ್ಕಳ ವಿದ್ಯಾಭ್ಯಾಸ, ಮನೆತನದ ವ್ಯವಹಾರ ಇವುಗಳನ್ನು ಕುರಿತು ಇರುತ್ತವೆ. ಈ ಸಲ ಬಂದ ಒಂದು ಪತ್ರವು ಅವೆಲ್ಲಕ್ಕಿಂತ ಭಿನ್ನವಾದುದು. ಮಧ್ಯ ಕರ್ನಾಟಕದ ಊರೊಂದರಲ್ಲಿ ಬಟ್ಟೆ ಅಂಗಡಿಯನ್ನು ನಡೆಸುತ್ತಿರುವ 57 ವರ್ಷದ ಸೋದರಿಯೊಬ್ಬರು ಅದನ್ನು ಬರೆದಿದ್ದಾರೆ. ಪತಿ ತೀರಿಕೊಂಡ ಮೇಲೆ ಅಂಗಡಿಯ ಭಾರವನ್ನು ತಾವೇ ಹೊತ್ತು, ಇಬ್ಬರು ಮಕ್ಕಳನ್ನು ಓದಿಸಿ, ಮದುವೆ ಮಾಡಿದ್ದಾರೆ. ಅಷ್ಟು ವರ್ಷಗಳ ದಣಿವು ಈಗ ಮುಖದ ಮೇಲೆ ಕುಳಿತಿದೆಯೆಂದೂ, ಗಿರಾಕಿಗಳು ದಿನವೂ ‘ಯಾಕಮ್ಮಾ, ಹುಷಾರಿಲ್ಲವೆ?’ ಎಂದು ಕೇಳುವುದು ಸಾಕಾಗಿದೆಯೆಂದೂ, ಆದಕಾರಣ ತಮ್ಮ ಸ್ವಂತ ಉಳಿತಾಯದ ಹಣದಿಂದ ಮುಖದ ಜೋಲನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವ ಮನಸ್ಸಾಗಿದೆಯೆಂದೂ ತಿಳಿಸಿದ್ದಾರೆ. ಮಗನಿಗೆ ಇದು ಒಪ್ಪಿಗೆಯಿಲ್ಲ, ಸೊಸೆ ನಗುತ್ತಾಳೆ, ಮಗಳು ‘ನಿನ್ನ ಇಷ್ಟ’ ಎನ್ನುತ್ತಾಳೆ. ಬೆಂಗಳೂರಿನಲ್ಲಿ ಮೂರು ಕಡೆ ವಿಚಾರಿಸಿದಾಗ ಮೂವರು ವೈದ್ಯರು ಮೂರು ಹೆಸರುಗಳನ್ನು ಹೇಳಿದರಂತೆ. ಒಬ್ಬರು ‘ಮಿನಿ ಲಿಫ್ಟ್’ ಸಾಕೆಂದರು. ಇನ್ನೊಬ್ಬರು ‘ಸ್ಮಾಸ್ ಲಿಫ್ಟ್’ ಎಂದರು. ಮತ್ತೊಬ್ಬರು ‘ಡೀಪ್ ಪ್ಲೇನ್’ ಒಂದನ್ನು ಬಿಟ್ಟರೆ ಉಳಿದುದೆಲ್ಲ ನಿಷ್ಪ್ರಯೋಜಕವೆಂದರು. ‘ಈ ಮೂರರಲ್ಲಿ ಯಾವುದು ಶ್ರೇಷ್ಠ?’ ಎಂಬುದು ಸೋದರಿಯ ಪ್ರಶ್ನೆ. ಪತ್ರದ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ತಾವು ರಕ್ತದೊತ್ತಡದ ಮಾತ್ರೆ ಸೇವಿಸುತ್ತಿರುವುದಾಗಿಯೂ ಬರೆದಿದ್ದಾರೆ. ಆ ಒಂದು ವಾಕ್ಯಕ್ಕೆ ಮುಂದೆ ಬರೋಣ.

ನಾನು ವೈದ್ಯನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಕಲಿತವನು. ಆದರೆ ಅಲ್ಲಿ ನಮಗೆ ಕಲಿಸಿದ ಒಂದು ಕ್ರಮವು ಎಲ್ಲ ಶಾಸ್ತ್ರಗಳಿಗೂ ಸಲ್ಲುವಂಥದು. ವಾದಕ್ಕಿಳಿಯುವ ಮುನ್ನ ಶಬ್ದದ ಲಕ್ಷಣವನ್ನು ನಿಶ್ಚಯಿಸಬೇಕು. ಬಳಿಕ ಒಂದೊಂದು ಮತವನ್ನೂ ಅದರ ಯುಕ್ತಿಯೊಡನೆ ಮುಂದಿಡಬೇಕು. ಅದರ ದೋಷವನ್ನು ತೋರಿಸಬೇಕು. ಕಡೆಗೆ ಸಿದ್ಧಾಂತಕ್ಕೆ ಬರಬೇಕು. ವೈದ್ಯಗ್ರಂಥಗಳಲ್ಲಿ ಓದಿದುದನ್ನೂ ಬಲ್ಲ ವೈದ್ಯರಿಂದ ಕೇಳಿ ತಿಳಿದುದನ್ನೂ ಈ ಕ್ರಮದಲ್ಲಿ ಜೋಡಿಸಿ ಹೇಳುತ್ತೇನೆ. ಇದನ್ನು ಓದಿ ವೈದ್ಯರ ಎದುರು ಕುಳಿತಾಗ ಏನನ್ನು ಕೇಳಬೇಕೆಂಬುದು ಮನೆಯವರಿಗೆ ತಿಳಿದರೆ ನನ್ನ ಶ್ರಮ ಸಾರ್ಥಕ.

ಮೊದಲು ಇಂಥ ಆಸೆಯೇ ತಪ್ಪೆಂಬ ಆಕ್ಷೇಪವನ್ನು ನೋಡೋಣ. ದೇಹವನ್ನು ಶಸ್ತ್ರದಿಂದ ತಿದ್ದುವುದು ನಮ್ಮ ನೆಲಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹರಿದ ಕಿವಿಯ ಹಾಲೆಯನ್ನು ಕೂಡಿಸುವ 15 ಬಗೆಗಳನ್ನು ಹೇಳಿದೆ. ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ವಿಧಾನವೂ ಅಲ್ಲಿಯೇ ಇದೆ. 1792ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡನು. ಮುಂದೆ ಪುಣೆಯ ಕಡೆಯ ಒಬ್ಬ ನಾಟಿ ಕುಶಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದನು. ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾದಾಗ ಯೂರೋಪಿನ ಶಸ್ತ್ರವೈದ್ಯರು ಬೆರಗಾದರು. ಪಶ್ಚಿಮದಲ್ಲಿ ಈ ವಿದ್ಯೆ ಮತ್ತೆ ಚಿಗುರಲು ಅದೂ ಒಂದು ಕಾರಣವಾಯಿತು.

ಆದರೆ ಕಳೆದುಹೋದ ಅಂಗವನ್ನು ಮರಳಿ ಕೊಡುವುದಕ್ಕೂ ವಯಸ್ಸಿನ ಗುರುತನ್ನು ಹಿಂದೂಡುವುದಕ್ಕೂ ಭೇದವುಂಟು. ಒಂದು ಅಗತ್ಯ, ಇನ್ನೊಂದು ಇಚ್ಛೆ. ಇಚ್ಛೆ ಎಂಬ ಮಾತ್ರಕ್ಕೆ ಅದು ಅಪರಾಧವಾಗದು. ಪ್ಯಾರಿಸಿನಲ್ಲಿ ಸುಜಾನ್ ನೋಯೆಲ್ ಎಂಬ ವೈದ್ಯೆ ಇದ್ದಳು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಮಾಡಿದ ಅವಳೇ ಮುಂದೆ, ವಯಸ್ಸು ಕಂಡಿತೆಂಬ ಕಾರಣಕ್ಕೆ ಕೆಲಸ ಕಳೆದುಕೊಳ್ಳುತ್ತಿದ್ದ ಹೆಂಗಸರ ಮುಖವನ್ನು ಬಿಗಿಗೊಳಿಸಿದಳು. ಈ ವಿದ್ಯೆಯ ಸಾಮಾಜಿಕ ಪಾತ್ರವನ್ನು ಕುರಿತು 1926ರಲ್ಲಿ ಒಂದು ಗ್ರಂಥವನ್ನೂ ಬರೆದಳು. ಅಂಗಡಿಯ ಗಲ್ಲೆಯ ಮೇಲೆ ಕುಳಿತು ದಿನವೆಲ್ಲ ಜನರಿಗೆ ಮುಖ ಕೊಡಬೇಕಾದ ನಮ್ಮ ಸೋದರಿಯ ಮಾತನ್ನು ಕೇವಲ ಬೆಡಗೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಇಚ್ಛೆಯ ಚಿಕಿತ್ಸೆಯಲ್ಲಿ ತೂಕದ ತಕ್ಕಡಿ ಇನ್ನೂ ಸೂಕ್ಷ್ಮವಾಗಿರಬೇಕು. ಏಕೆಂದರೆ ಇಲ್ಲಿ ಶಸ್ತ್ರವು ತಾಗುವುದು ರೋಗವಿಲ್ಲದ ಮೈಗೆ. ರೋಗಿಯು ಅಪಾಯವನ್ನು ಸಹಿಸುವುದು ರೋಗದ ಭಯದಿಂದ. ಆರೋಗ್ಯವಂತರಿಗೆ ಆ ಒತ್ತಾಯವಿಲ್ಲ.

ಈಗ ಲಕ್ಷಣ. ಮುಖವೆಂಬುದು ಒಂದೇ ಪದರವಲ್ಲ. ಮೇಲೆ ಚರ್ಮ, ಅದರಡಿ ಕೊಬ್ಬು, ಅದರಡಿ ಸ್ನಾಯು ಮತ್ತು ನಾರುಗಳು ಬೆಸೆದ ಒಂದು ತೆಳುವಾದ ಹಾಳೆ. ಈ ಹಾಳೆಯನ್ನೇ ವೈದ್ಯರು ‘ಸ್ಮಾಸ್’ ಎಂದು ಸಂಕ್ಷೇಪವಾಗಿ ಕರೆಯುವರು. ಕತ್ತಿನಲ್ಲಿ ಇದೇ ಹಾಳೆಯು ಪ್ಲಾಟಿಸ್ಮಾ ಎಂಬ ಅಗಲವಾದ ಸ್ನಾಯುವಿನೊಡನೆ ಕೂಡಿಕೊಳ್ಳುತ್ತದೆ. ಅದರ ಅಡಿಯಲ್ಲಿ ಕೆಲವೆಡೆ ಸಡಿಲವಾದ ಅವಕಾಶಗಳೂ ಕೆಲವೆಡೆ ಬಿಗಿಯಾದ ಕಟ್ಟುಗಳೂ ಇವೆ. ಈ ಕಟ್ಟುಗಳು ಚರ್ಮವನ್ನು ಒಳಗಿನ ಎಲುಬು, ಸ್ನಾಯುಗಳಿಗೆ ಬಿಗಿದಿರುತ್ತವೆ. ಮುಖದ ಚಲನೆಯನ್ನೆಲ್ಲ ನಡೆಸುವ ನರವು ಕಿವಿಯ ಹಿಂಬದಿಯ ಎಲುಬಿನಿಂದ ಹೊರಬಂದು, ಕಿವಿಯ ಮುಂದಿನ ಲಾಲಾಗ್ರಂಥಿಯೊಳಗೆ ಕವಲೊಡೆದು, ಐದು ಶಾಖೆಗಳಾಗಿ ಈ ಆಳದ ಪದರದಲ್ಲಿ ಹರಿಯುತ್ತದೆ. ಕಣ್ಣು ಮುಚ್ಚುವುದು, ನಗುವುದು, ಹುಬ್ಬು ಎತ್ತುವುದು ಎಲ್ಲವೂ ಅದರಿಂದ.

ನಮ್ಮ ಉತ್ತರದ ಕಡೆಯ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಡುನಡುವೆ ದಾರ ಓಡಿಸಿ, ಎಲ್ಲವನ್ನೂ ಒಂದಾಗಿ ಹಿಡಿಯುವರು. ಮುಖದ ಒಳಕಟ್ಟುಗಳು ಆ ಹೊಲಿಗೆಯ ಹಾಗೆ. ಕೌದಿ ಹಳೆಯದಾದಾಗ ಮೇಲಿನ ಬಟ್ಟೆ ಸವೆಯುತ್ತದೆ, ಒಳಪದರ ಜಾರುತ್ತದೆ, ಅಲ್ಲಲ್ಲಿ ಅರಿವೆ ತೆಳುವಾಗುತ್ತದೆ. ಮುಖದಲ್ಲಿಯೂ ಹಾಗೆಯೇ ಬಿಸಿಲು ಮತ್ತು ವಯಸ್ಸಿನಿಂದ ಚರ್ಮದ ನಾರುಗಳು ಸೊರಗುತ್ತವೆ. ಒಳಹಾಳೆ ಸಡಿಲವಾಗಿ ದವಡೆಯ ಅಂಚಿನಲ್ಲಿ ಜೋಲು ಕಾಣುತ್ತದೆ. ಕೊಬ್ಬಿನ ಕೆಲವು ಭಾಗ ಕುಗ್ಗಿ ಕೆನ್ನೆ ಒಳಗೆ ಹೋಗುತ್ತದೆ. ಎಲುಬು ಕೂಡ ಸ್ವಲ್ಪ ಸವೆಯುತ್ತದೆ. ಶಸ್ತ್ರಚಿಕಿತ್ಸೆಯ ಬಗೆಗಳೆಲ್ಲ ಈ ಪದರಗಳಲ್ಲಿ ಯಾವುದನ್ನು ಹಿಡಿದು ಎಳೆಯಬೇಕೆಂಬ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಮೊದಲನೆಯದು ಚರ್ಮ ಮಾತ್ರದ ಮತ. 1901ರಲ್ಲಿ ಬರ್ಲಿನ್ನಿನ ಓಯ್‌ಗೆನ್ ಹೊಲೆಂಡರ್ ಎಂಬ ಶಸ್ತ್ರವೈದ್ಯನು ಶ್ರೀಮಂತ ಮಹಿಳೆಯೊಬ್ಬಳ ಕೋರಿಕೆಯಂತೆ ಕಿವಿಯ ಸುತ್ತಣ ಮತ್ತು ಕೂದಲ ಅಂಚಿನ ಚರ್ಮವನ್ನು ಪಟ್ಟಿಯಾಗಿ ಕತ್ತರಿಸಿ ಹೊಲಿದನೆಂದು ಈ ವಿದ್ಯೆಯ ಇತಿಹಾಸಕಾರರು ಹೇಳುವರು. ಅಲ್ಲಿಂದ ಸುಮಾರು ಏಳು ದಶಕಗಳವರೆಗೆ ಇದೇ ಪದ್ಧತಿ, ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ, ನಡೆದು ಬಂದಿತು. ಇದರ ಗುಣವೆಂದರೆ ಸರಳತೆ. ನರದ ಹತ್ತಿರಕ್ಕೆ ಶಸ್ತ್ರವು ಹೋಗುವುದೇ ಇಲ್ಲ. ದೋಷವೆಂದರೆ ಚರ್ಮವು ಹಿಗ್ಗುವ ವಸ್ತು. ಎಳೆದುದು ಮತ್ತೆ ಸಡಿಲವಾಗುವುದು. ಭಾರವೆಲ್ಲ ಹೊಲಿಗೆಯ ಮೇಲೆ ಬೀಳುವುದರಿಂದ ಕಲೆ ಅಗಲವಾಗುವುದು. ಬಲವಾಗಿ ಎಳೆದರೆ ಎದುರುಗಾಳಿಗೆ ಮುಖ ಕೊಟ್ಟು ನಿಂತವರಂತೆ ವಿಚಿತ್ರವಾಗಿ ಕಾಣುವುದು. ಕೌದಿಯ ಒಳಪದರ ಜಾರಿದ್ದಾಗ ಮೇಲಿನ ಬಟ್ಟೆಯನ್ನಷ್ಟೇ ಎಳೆದು ಹೊಲಿದರೆ ಏನಾಗುವುದೋ ಅದೇ ಇಲ್ಲಿ ಆಗುವುದು.

ಎರಡನೆಯದು ಸ್ಮಾಸ್ ಮತ. ಸ್ವೀಡನ್ನಿನ ಟೂರ್ಡ್ ಸ್ಕೂಗ್ ಎಂಬ ವೈದ್ಯನು 1974ರ ತನ್ನ ಗ್ರಂಥದಲ್ಲಿ ಚರ್ಮದೊಡನೆ ಒಳಹಾಳೆಯನ್ನೂ ಎತ್ತುವ ವಿಧಾನವನ್ನು ವಿವರಿಸಿದನು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೇರೋನಿ ಎಂಬಿಬ್ಬರು ಆ ಹಾಳೆಯ ಅಂಗರಚನೆಯನ್ನು ವರ್ಣಿಸಿ, ಸ್ಮಾಸ್ ಎಂಬ ಹೆಸರು ನಿಲ್ಲುವಂತೆ ಮಾಡಿದರು. ಅಂದಿನಿಂದ ಭಾರವನ್ನು ಹಿಗ್ಗದ ಒಳಹಾಳೆಯ ಮೇಲೆ ಹಾಕಿ, ಚರ್ಮವನ್ನು ಎಳೆಯದೆ ಹೊದಿಸಿ, ಹೆಚ್ಚಾದುದನ್ನಷ್ಟೇ ಕತ್ತರಿಸುವುದು ರೂಢಿಯಾಯಿತು. ಇದರಲ್ಲಿಯೂ ಮೂರು ಒಳಬಗೆಗಳಿವೆ. ಹಾಳೆಯನ್ನು ಕತ್ತರಿಸದೆ ಮಡಿಚಿ ಹೊಲಿಯುವುದು ಒಂದು. ಕತ್ತರಿಸಿ, ಎತ್ತಿ, ಅಂಚಿನ ಮೇಲೆ ಅಂಚನ್ನು ಇಟ್ಟು ಹೊಲಿಯುವುದು ಇನ್ನೊಂದು. ಕೆನ್ನೆಯ ಹೊರಮಗ್ಗುಲಲ್ಲಿ ಒಂದು ಓರೆಪಟ್ಟಿಯನ್ನು ತೆಗೆದುಹಾಕಿ ಎರಡು ಅಂಚುಗಳನ್ನು ಕೂಡಿಸುವುದು ಮೂರನೆಯದು; ಇದನ್ನು ನ್ಯೂಯಾರ್ಕಿನ ಡೇನಿಯಲ್ ಬೇಕರ್ 1997ರಲ್ಲಿ ಪ್ರಕಟಿಸಿದರು. ಇವುಗಳ ಗುಣವೆಂದರೆ ದವಡೆಯ ರೇಖೆ ಮತ್ತು ಕತ್ತು ಚೆನ್ನಾಗಿ ತಿದ್ದಿಕೊಳ್ಳುವುವು. ಮಡಿಚಿ ಹೊಲಿಯುವ ಬಗೆಯಲ್ಲಿ ನರಕ್ಕೆ ಅಪಾಯ ಕಡಿಮೆ. ಆಕ್ಷೇಪವೆಂದರೆ ಒಳಕಟ್ಟುಗಳನ್ನು ಬಿಡಿಸದೆ ಎಳೆಯುವುದರಿಂದ ಮೂಗಿನ ಪಕ್ಕದಿಂದ ಬಾಯಿಯ ಕೊನೆಗೆ ಇಳಿಯುವ ಗೆರೆಯವರೆಗೆ ಆ ಎಳೆತವು ಸಾಕಷ್ಟು ತಲುಪದೆಂಬುದು.

ಆ ಆಕ್ಷೇಪದಿಂದ ಹುಟ್ಟಿದುದು ಮೂರನೆಯ ಮತ, ಡೀಪ್ ಪ್ಲೇನ್. ಅಮೆರಿಕದ ಡಲಾಸ್ ನಗರದ ಸ್ಯಾಮ್ ಹಮ್ರಾ 1990ರಲ್ಲಿ ಇದನ್ನು ಪ್ರಕಟಿಸಿದರು. 1992ರಲ್ಲಿ ಕಣ್ಣಿನ ಸುತ್ತಣ ಸ್ನಾಯುವನ್ನೂ ಸೇರಿಸಿ ‘ಕಾಂಪೋಸಿಟ್’ ಎಂಬ ವಿಸ್ತರಣವನ್ನು ಮಾಡಿದರು. ಇಲ್ಲಿ ಚರ್ಮವನ್ನೂ ಒಳಹಾಳೆಯನ್ನೂ ಬಹುಭಾಗ ಬೇರ್ಪಡಿಸುವುದಿಲ್ಲ. ಹಾಳೆಯ ಅಡಿಗೆ ಹೋಗಿ, ಕೆನ್ನೆಯ ಒಳಕಟ್ಟುಗಳನ್ನು ಬಿಡಿಸಿ, ಎಲ್ಲವನ್ನೂ ಒಟ್ಟಾಗಿ ಮೇಲಕ್ಕೆ ಸರಿಸುವರು. ಕೌದಿಯ ಹೊಲಿಗೆಯನ್ನು ಬಿಚ್ಚಿ ಪದರಗಳನ್ನೆಲ್ಲ ಕೂಡಿಯೇ ಸ್ವಸ್ಥಾನಕ್ಕೆ ತಂದಂತೆ. ಚರ್ಮವು ತನ್ನ ಅಡಿಯ ಪದರದೊಡನೆ ಇರುವುದರಿಂದ ಅದಕ್ಕೆ ರಕ್ತಪೂರೈಕೆ ಚೆನ್ನಾಗಿರುವುದು. ಕೆನ್ನೆಯ ನಡುಭಾಗವೂ ಎತ್ತಿಕೊಳ್ಳುವುದು. ಆದರೆ ಶಸ್ತ್ರದ ಹಾದಿಯು ನರದ ಶಾಖೆಗಳ ಸಮೀಪದಲ್ಲಿಯೇ ಹೋಗುವುದು. ಅಲ್ಲಿ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಬಹುಕಾಲದ ಅಭ್ಯಾಸದಿಂದ ಮಾತ್ರ ಕೈಗೆ ಬರುವ ವಿದ್ಯೆ. ಕಾಲವೂ ಹೆಚ್ಚು ಹಿಡಿಯುತ್ತದೆ.

ನಾಲ್ಕನೆಯದು ಚಿಕ್ಕ ಗಾಯದ ಮತ. ಬೆಲ್ಜಿಯಮ್ಮಿನ ಟೋನಾರ್ ಮತ್ತು ವೆರ್ಪಾಲೆ ಎಂಬ ವೈದ್ಯರು 2002ರಲ್ಲಿ ಪ್ರಕಟಿಸಿದ ‘ಮ್ಯಾಕ್ಸ್ ಲಿಫ್ಟ್’ ಇದರಲ್ಲಿ ಪ್ರಸಿದ್ಧವಾದುದು. ಗಾಯವು ಕಿವಿಯ ಮುಂದೆ ಮಾತ್ರ, ಹಿಂಬದಿಗೆ ಹೋಗುವುದಿಲ್ಲ. ಸಂಚಿಯ ಬಾಯನ್ನು ದಾರ ಎಳೆದು ಬಿಗಿದಂತೆ ಒಳಹಾಳೆಗೆ ಸುತ್ತು ಹೊಲಿಗೆ ಹಾಕಿ, ಕಪೋಲದ ಮೇಲಣ ಗಟ್ಟಿಯಾದ ಪದರಕ್ಕೆ ನೇರ ಮೇಲ್ಮುಖವಾಗಿ ಕಟ್ಟುವರು. ಮರಗಟ್ಟಿಸುವ ಚುಚ್ಚುಮದ್ದಿನಲ್ಲಿಯೇ ಮಾಡಿಸಿಕೊಳ್ಳಬಹುದು, ಬೇಗ ಚೇತರಿಸಿಕೊಳ್ಳಬಹುದು. ಆದರೆ ಕತ್ತಿನ ಚರ್ಮವು ಬಹಳ ಜೋತಿದ್ದವರಿಗೆ ಇದು ಸಾಲದು. ‘ಮಿನಿ ಲಿಫ್ಟ್’ ಎಂಬ ಹೆಸರಿಗೆ ನಿಶ್ಚಿತವಾದ ಶಾಸ್ತ್ರೀಯ ಅರ್ಥವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಬ್ಬರು ಅದನ್ನು ಮ್ಯಾಕ್ಸ್ ಲಿಫ್ಟಿಗೆ ಹೇಳಿದರೆ, ಇನ್ನೊಬ್ಬರು ಬರಿಯ ಚರ್ಮದ ಪಟ್ಟಿ ತೆಗೆಯುವುದಕ್ಕೆ ಹೇಳುವರು. ಲಕ್ಷಣವಿಲ್ಲದ ಶಬ್ದವನ್ನು ಹಿಡಿದು ಹಣ ಕಟ್ಟಬಾರದು.

ಇವುಗಳ ಹೊರತಾಗಿ ದಾರದಿಂದ ಎತ್ತುವುದು, ಕೊಬ್ಬು ಅಥವಾ ಜೆಲ್ ತುಂಬುವುದು, ಬೊಟಾಕ್ಸ್ ಚುಚ್ಚುವುದು ಎಂಬ ಉಪಾಯಗಳೂ ಉಂಟು. ಬೊಟಾಕ್ಸ್ ಸ್ನಾಯುವಿನ ಚಲನೆಯನ್ನು ಕೆಲವು ತಿಂಗಳು ಕುಗ್ಗಿಸಿ ಹಣೆಯ ಗೆರೆಗಳನ್ನು ಮರೆಸುವುದು, ಜೋಲನ್ನು ಎತ್ತಲಾರದು. ಜೆಲ್ಲು ಬತ್ತಿದ ಕೆನ್ನೆಯನ್ನು ತುಂಬುವುದು. ಆದರೆ ಅದು ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ವಿರಳವಾಗಿ ಕಣ್ಣಿನ ದೃಷ್ಟಿಯೇ ಹೋಗಬಹುದು. ಸೂಜಿಯೆಂಬ ಕಾರಣಕ್ಕೆ ಅದನ್ನು ಅಲಕ್ಷಿಸಬಾರದು. ದಾರದ ಬಿಗಿತ ಬಹುಕಾಲ ನಿಲ್ಲುವುದಿಲ್ಲ. ಹಾಗೆಯೇ ಶಸ್ತ್ರಚಿಕಿತ್ಸೆಯೂ ಎಲ್ಲವನ್ನೂ ಮಾಡಲಾರದು. ಹಣೆಯ ಸುಕ್ಕು, ಕಣ್ಣಿನ ಕೆಳಗಣ ಚೀಲ, ತುಟಿಯ ಸುತ್ತಣ ನವಿರು ಗೆರೆ, ಬಂಗು ಇವು ಮುಖ ಎತ್ತುವುದರಿಂದ ಹೋಗುವುವಲ್ಲ. ಅವುಗಳಿಗೆ ಬೇರೆ ಚಿಕಿತ್ಸೆ.

ಇನ್ನು ಈ ಮತಗಳಲ್ಲಿ ಯಾವುದು ಗೆದ್ದಿತು? ಇದನ್ನು ಅಳೆಯುವುದು ಕಷ್ಟ. ಒಬ್ಬರ ಮುಖದಂತೆ ಇನ್ನೊಬ್ಬರದು ಇರುವುದಿಲ್ಲ, ಒಬ್ಬ ವೈದ್ಯರ ಕೈಯಂತೆ ಇನ್ನೊಬ್ಬರದು ಇರುವುದಿಲ್ಲ. ಆದರೂ ಎರಡು ಪರೀಕ್ಷೆಗಳು ನೆನೆಯತಕ್ಕವು. ನ್ಯೂಯಾರ್ಕಿನ ವೈದ್ಯರು 21 ಜನರ ಮುಖದ ಒಂದು ಪಾರ್ಶ್ವಕ್ಕೆ ಸಾಮಾನ್ಯವಾದ ಸ್ಮಾಸ್ ಬಗೆಯನ್ನೂ ಇನ್ನೊಂದು ಪಾರ್ಶ್ವಕ್ಕೆ ಹೆಚ್ಚು ವಿಸ್ತಾರವಾದ ಅಥವಾ ಕಾಂಪೋಸಿಟ್ ಬಗೆಯನ್ನೂ ಪ್ರಯೋಗಿಸಿ, 1996ರಲ್ಲಿ ಫಲವನ್ನು ಪ್ರಕಟಿಸಿದರು. ಒಂದೇ ಮುಖ, ಒಂದೇ ವಯಸ್ಸು. ಬೇರೆಯಾದುದು ಬಗೆ ಮಾತ್ರ. ಒಂದು ವರ್ಷದ ಬಳಿಕ ನೋಡಿದಾಗ ಎರಡು ಪಾರ್ಶ್ವಗಳಲ್ಲಿ ಅವರಿಗೆ ಭೇದ ಕಾಣಲಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಅಮೆರಿಕದಲ್ಲಿ ತದ್ರೂಪಿ ಅವಳಿಗಳ ಎರಡು ಜೋಡಿಗಳು, ಅಂದರೆ ನಾಲ್ವರು, ನಾಲ್ಕು ಪ್ರಸಿದ್ಧ ವೈದ್ಯರಿಂದ ನಾಲ್ಕು ಬಗೆಯಲ್ಲಿ ಚಿಕಿತ್ಸೆ ಪಡೆದರು. ಆ ವೈದ್ಯರಲ್ಲಿ ಮೇಲೆ ಹೇಳಿದ ಬೇಕರ್ ಮತ್ತು ಹಮ್ರಾ ಇಬ್ಬರೂ ಇದ್ದರು. ಓಸ್ಲಿ ಮತ್ತು ರಮಿರೆಸ್ ಉಳಿದಿಬ್ಬರು. ಒಂದು, ಆರು ಮತ್ತು ಹತ್ತು ವರ್ಷಗಳ ತರುವಾಯ ಆ ನಾಲ್ವರ ಭಾವಚಿತ್ರಗಳನ್ನು ತೆಗೆದು ಹೋಲಿಸಿ, 2009ರಲ್ಲಿ ಪ್ರಕಟಿಸಿದರು. ನಾಲ್ವರ ಚಿತ್ರಗಳು ಇಡೀ ವಾದವನ್ನು ಮುಗಿಸಲಾರವು, ನಿಜ. ಇಂದು ಡೀಪ್ ಪ್ಲೇನಿನ ಪಕ್ಷಪಾತಿಗಳ ಸಂಖ್ಯೆ ಹೆಚ್ಚುತ್ತಿದೆಯೆಂಬುದೂ ನಿಜ. ಆದರೆ ಒಂದು ಬಗೆಯೇ ಸರ್ವರಿಗೂ ಸರ್ವಕಾಲಕ್ಕೂ ಶ್ರೇಷ್ಠವೆಂದು ಸಾಧಿಸುವ ನಿರ್ಣಾಯಕ ಪ್ರಮಾಣವು ಈ ಪರೀಕ್ಷೆಗಳಿಂದ ದೊರೆಯುವುದಿಲ್ಲ. ಒಂದು ಬಗೆಯಲ್ಲಿ ನುರಿತ ಕೈಯು ಇನ್ನೊಂದು ಬಗೆಯಲ್ಲಿ ನುರಿಯದ ಕೈಗಿಂತ ಮೇಲು. ಆದ್ದರಿಂದ ‘ಯಾವುದು ಶ್ರೇಷ್ಠ?’ ಎಂಬ ಪ್ರಶ್ನೆಯನ್ನು ಸೋದರಿಯವರು ಹೀಗೆ ತಿದ್ದಿಕೊಳ್ಳಬೇಕು: ‘ನನ್ನ ಮುಖದಲ್ಲಿ ಸಡಿಲವಾಗಿರುವುದು ಯಾವ ಪದರ? ಅದನ್ನು ಸರಿಪಡಿಸಲು ಈ ವೈದ್ಯರು ಯಾವ ಬಗೆಯನ್ನು ಅತಿ ಹೆಚ್ಚು ಸಲ ಮಾಡಿದ್ದಾರೆ? ನನ್ನ ದೇಹಕ್ಕೆ ಅದರ ಅಪಾಯವೆಷ್ಟು?’

ಈಗ ಪತ್ರದ ಆ ಕೊನೆಯ ವಾಕ್ಯಕ್ಕೆ ಬರೋಣ. ಮುಖ ಬಿಗಿಗೊಳಿಸುವ ಚಿಕಿತ್ಸೆಯಲ್ಲಿ ಅತಿ ಸಾಮಾನ್ಯವಾದ ತೊಡಕೆಂದರೆ ಚರ್ಮದಡಿಯಲ್ಲಿ ರಕ್ತ ತುಂಬಿಕೊಳ್ಳುವುದು. ವೈದ್ಯರು ಹಿಮಟೋಮಾ ಎನ್ನುವರು. ಹೆಚ್ಚಾಗಿ ಇದು ಮೊದಲ 24 ಗಂಟೆಗಳಲ್ಲಿ ಸಂಭವಿಸುತ್ತದೆ. ಸಕಾಲದಲ್ಲಿ ತೆಗೆಯದಿದ್ದರೆ ಮೇಲಿನ ಚರ್ಮವು ರಕ್ತವಿಲ್ಲದೆ ಸಾಯಬಹುದು. ಇದು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಯಾರಲ್ಲೇ ಆಗಲಿ ರಕ್ತದೊತ್ತಡವು ಇದರ ದೊಡ್ಡ ಕಾರಣ. ಅಂದಮೇಲೆ ಸೋದರಿಯವರ ಪಾಲಿಗೆ ಮಿನಿಯೋ ಡೀಪೋ ಎಂಬುದಕ್ಕಿಂತ ರಕ್ತದೊತ್ತಡವು ಹತೋಟಿಯಲ್ಲಿದೆಯೆ ಎಂಬುದೇ ಮೊದಲನೆಯ ಪ್ರಶ್ನೆ. ಮೂವರು ವೈದ್ಯರಲ್ಲಿ ಯಾರು ಇದನ್ನು ತಾವಾಗಿಯೇ ಕೇಳಿದರು? ಕೇಳದಿದ್ದವರನ್ನು ಪಟ್ಟಿಯಿಂದ ಬಿಡಬಹುದೆಂದು ನನ್ನ ಅಭಿಪ್ರಾಯ.

ಎರಡನೆಯ ಶತ್ರು ತಂಬಾಕು. ಹೊಗೆಬತ್ತಿ ಸೇದುವವರಲ್ಲಿ ಚರ್ಮ ಸಾಯುವ ಅಪಾಯ ಸುಮಾರು 12 ಪಟ್ಟು ಹೆಚ್ಚೆಂದು 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಸೇದುವವರ ಲೆಕ್ಕ. ಆದರೆ ರಕ್ತನಾಳಗಳನ್ನು ಕುಗ್ಗಿಸುವ ನಿಕೋಟಿನ್ ಎಲೆ ಅಡಿಕೆಯೊಡನೆ ಅಗಿಯುವ ಹೊಗೆಸೊಪ್ಪಿನಲ್ಲಿಯೂ ಗುಟ್ಕಾದಲ್ಲಿಯೂ ಇದೆ. ವೈದ್ಯರು ‘ಸಿಗರೇಟು ಸೇದುವಿರಾ?’ ಎಂದು ಕೇಳಿದಾಗ ನಮ್ಮ ಹಿರಿಯ ತಾಯಂದಿರು ‘ಇಲ್ಲ’ ಎಂದು ನಿಜವನ್ನೇ ಹೇಳುವರು. ಎಲೆಯ ಸಂಚಿಯ ಮಾತು ಮಾತ್ರ ಬರುವುದಿಲ್ಲ. ಅದನ್ನು ಕೇಳದಿದ್ದರೂ ಹೇಳಬೇಕು, ಹಲವು ವಾರ ಮುಂಚೆಯೇ ಬಿಡಬೇಕು. ಹಾಗೆಯೇ ಆಸ್ಪಿರಿನ್, ನೋವಿನ ಗುಳಿಗೆ, ನಾಟಿ ಔಷಧ, ಬೆಳ್ಳುಳ್ಳಿಯ ಮಾತ್ರೆ ಮೊದಲಾದುವನ್ನೂ ಮುಚ್ಚಿಡದೆ ತಿಳಿಸಬೇಕು. ಇವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುವು. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಅದು ಹೃದಯವೈದ್ಯರು ನಿರ್ಣಯಿಸತಕ್ಕ ವಿಷಯ.

ಮೂರನೆಯದು ನರ. ಕಿವಿಯ ಹಾಲೆಗೆ ಸ್ಪರ್ಶಜ್ಞಾನ ಕೊಡುವ ನರವು ಕತ್ತಿನ ಪಕ್ಕದಲ್ಲಿ ಚರ್ಮಕ್ಕೆ ಹತ್ತಿರವಾಗಿರುವುದರಿಂದ ಅದಕ್ಕೇ ಪೆಟ್ಟು ಹೆಚ್ಚು. ಪೆಟ್ಟಾದರೆ ಹಾಲೆ ಜೋಮುಗಟ್ಟಿದಂತಿರುವುದು. ಮುಖವನ್ನು ಚಲಿಸುವ ನರಕ್ಕೆ ಪೆಟ್ಟಾಗುವುದು ವಿರಳ, ಆದರೂ ಬಹುಪಾಲು ಕೆಲವು ವಾರ ತಿಂಗಳುಗಳಲ್ಲಿ ಸರಿಹೋಗುವುದು. ಶಾಶ್ವತವಾಗಿ ತುಟಿ ಸೊಟ್ಟಗಾಗುವುದು ಅತಿ ವಿರಳ. ಇಲ್ಲವೇ ಇಲ್ಲವೆಂದು ಹೇಳುವ ವೈದ್ಯರ ಮಾತನ್ನು ನಂಬಬಾರದು.

ನಾಲ್ಕನೆಯದು ನಮ್ಮ ಮೈಬಣ್ಣಕ್ಕೂ ಉಡುಗೆ ತೊಡುಗೆಗೂ ಸಂಬಂಧಿಸಿದುದು. ಕಪ್ಪು ಮತ್ತು ಗೋಧಿ ಬಣ್ಣದ ಮೈಯವರಲ್ಲಿ ಗಾಯದ ಕಲೆ ದಪ್ಪವಾಗಿ ಉಬ್ಬುವುದೂ ಕಪ್ಪಿಡುವುದೂ ಬಿಳಿಯರಲ್ಲಿಗಿಂತ ಹೆಚ್ಚು. ಕಿವಿ ಚುಚ್ಚಿಸಿದಾಗಲೋ ದೇವಿ ಹಾಕಿಸಿದಾಗಲೋ ಗಂಟು ಎದ್ದವರು ಅದನ್ನು ವೈದ್ಯರಿಗೆ ತೋರಿಸಬೇಕು. ನಮ್ಮ ಹೆಂಗಸರು ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಬಾಚಿ ಜಡೆ ಅಥವಾ ತುರುಬು ಹಾಕುವವರು. ಕೂದಲು ಇಳಿಬಿಟ್ಟು ಗಾಯದ ಕಲೆಯನ್ನು ಮರೆಸುವ ವಿದೇಶೀಯರ ಅನುಕೂಲ ಅವರಿಗಿಲ್ಲ. ಬಹುಕಾಲ ಭಾರವಾದ ಓಲೆ, ಜುಮುಕಿ ಹಾಕಿ ಹಾಲೆ ಜಗ್ಗಿರುವಲ್ಲಿ ಹೊಲಿಗೆಯ ಎಳೆತವೂ ಕೂಡಿದರೆ ಹಾಲೆಯು ಕೆನ್ನೆಗೆ ಅಂಟಿದಂತೆ ಕೆಳಕ್ಕೆ ಎಳೆದುಕೊಳ್ಳುವುದು. ಓಲೆ ನೆಟ್ಟಗೆ ನಿಲ್ಲದು. ಗಾಯವು ಎಲ್ಲೆಲ್ಲಿ ಹೋಗುವುದೆಂಬುದನ್ನು ಕನ್ನಡಿಯ ಮುಂದೆ ಬೆರಳಿಟ್ಟು ತೋರಿಸುವಂತೆ ವೈದ್ಯರನ್ನು ಕೇಳಬೇಕು. ಆಗ ತುರುಬು ಹಾಕಿಕೊಂಡೇ ಕುಳಿತುಕೊಳ್ಳಬೇಕು.

ಐದನೆಯದು ಅರಿವಳಿಕೆ. ಅಮೆರಿಕದ ಕಾದಂಬರಿಕಾರ್ತಿ ಒಲಿವಿಯಾ ಗೋಲ್ಡ್‌ಸ್ಮಿತ್ 2004ರ ಜನವರಿಯಲ್ಲಿ ಗದ್ದದ ಕೆಳಗಿನ ಚಿಕ್ಕ ಸೌಂದರ್ಯ ಚಿಕಿತ್ಸೆಗೆ ಹೋಗಿ, ಅರಿವಳಿಕೆಯ ತೊಡಕಿನಿಂದ ತೀರಿಕೊಂಡರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬಳ ಸಾವು ನಮ್ಮೆಲ್ಲ ಪತ್ರಿಕೆಗಳಲ್ಲಿ ಬಂದುದು ಅನೇಕರಿಗೆ ನೆನಪಿರಬಹುದು. ಅದು ಮುಖದ ಚಿಕಿತ್ಸೆಯಲ್ಲ. ಆದರೂ ಎಚ್ಚರಿಕೆ ಒಂದೇ. ಶಸ್ತ್ರವೈದ್ಯರು ಎಷ್ಟೇ ಕುಶಲರಾದರೂ, ಪೂರ್ಣಾವಧಿ ಅರಿವಳಿಕೆ ತಜ್ಞರು, ತುರ್ತು ಚಿಕಿತ್ಸೆಯ ಕೋಣೆ, ರಾತ್ರಿಯೂ ಎಚ್ಚರವಿರುವ ದಾದಿಯರು ಇಲ್ಲದ ಕಡೆ ಗಂಟೆಗಟ್ಟಲೆ ನಡೆಯುವ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಾರದು.

ಇಷ್ಟನ್ನು ಮನದಲ್ಲಿಟ್ಟು, ವೈದ್ಯರ ಬಳಿ ಹೋಗುವವರು ಈ ಕೆಲವು ಮಾತುಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಲಿ. ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೆ? ಆಸ್ಪತ್ರೆಯು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ನೋಂದಣಿಯಾಗಿದೆಯೆ? ಒಂದು ವರ್ಷ ಕಳೆದ ಮೇಲಿನ ಭಾವಚಿತ್ರಗಳನ್ನು, ಅದೂ ನಮ್ಮಂಥ ಮೈಬಣ್ಣದವರದನ್ನು, ತೋರಿಸಬಲ್ಲರೆ? ಮೊದಲ ರಾತ್ರಿ ರಕ್ತ ತುಂಬಿಕೊಂಡರೆ ಯಾರು ಬರುವರು? ಮತ್ತೆ ಶಸ್ತ್ರ ಹಿಡಿಯಬೇಕಾದರೆ ಅದರ ವೆಚ್ಚ ಯಾರದು? ಆರೋಗ್ಯವಿಮೆಯು ಸೌಂದರ್ಯಕ್ಕಾಗಿ ಮಾಡಿಸಿದ ಚಿಕಿತ್ಸೆಗೆ ಹಣ ಕೊಡುವುದಿಲ್ಲ; ಅಪಘಾತ, ಸುಟ್ಟಗಾಯ, ಅರ್ಬುದ ಮುಂತಾದುವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಕ್ಕೆ ಮಾತ್ರ ಅದು ಒದಗುವುದು. ಆದಕಾರಣ ಉಳಿತಾಯದ ಹಣವೆಲ್ಲವನ್ನೂ ಚಿಕಿತ್ಸೆಗೇ ಎಣಿಸಿ ಕೊಡಬಾರದು. ತೊಡಕು ಬಂದರೆಂದು ಒಂದು ಭಾಗವನ್ನು ಬೇರೆ ಇಡಬೇಕು.

ಚೇತರಿಕೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಹೊಲಿಗೆ ತೆಗೆಯಲು ವಾರದಿಂದ ಹತ್ತು ದಿನ. ಬಾವು, ಕಂದು ಇಳಿಯಲು ಎರಡು ಮೂರು ವಾರ. ಜೋಮು ಹೋಗಲು ಕೆಲವು ತಿಂಗಳು. ಕಲೆ ಮಾಸಲು ಸುಮಾರು ಒಂದು ವರ್ಷ. ಶ್ರಾವಣದಿಂದ ದೀಪಾವಳಿಯವರೆಗಿನ ವ್ಯಾಪಾರದ ದಿನಗಳನ್ನು ಬಟ್ಟೆ ಅಂಗಡಿಯವರು ಬಿಡಲಾಗದು. ಮನೆಯಲ್ಲಿ ಮದುವೆಯಿದ್ದರೆ ಅದರ ಹಿಂದಿನ ತಿಂಗಳನ್ನು ಆರಿಸಬಾರದು. ಫಲವೂ ಶಾಶ್ವತವಲ್ಲ, ಸಾಮಾನ್ಯವಾಗಿ 7ರಿಂದ 10 ವರ್ಷವೆಂದು ಹೇಳುವರು. ವಯಸ್ಸಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೂ ಅದು ಅಲ್ಲಿಂದ ಮತ್ತೆ ನಡೆಯುತ್ತಲೇ ಇರುವುದು.

ಮನೆಯವರಿಗೂ ಎರಡು ಮಾತು. ತಾಯಿಯ ಆಸೆಗೆ ನಕ್ಕರೆ ಅವಳು ಆ ಆಸೆಯನ್ನು ಬಿಡುವುದಿಲ್ಲ, ಹೇಳದೆ ಹೋಗುವಳು. ಹೇಳದೆ ಹೋದವರು ಮೊದಲ ರಾತ್ರಿ ಒಬ್ಬರೇ ಇರುವರು, ಮತ್ತು ಮೊದಲ ರಾತ್ರಿಯೇ ಅಪಾಯದ ಹೊತ್ತು. ಮಗನಾದವನು ಒಪ್ಪದಿದ್ದರೂ ಜೊತೆಗೆ ಹೋಗಲಿ. ಆಕ್ಷೇಪಗಳನ್ನು ವೈದ್ಯರ ಎದುರಿಗೇ ಆಡಲಿ. ಹಣ ಅವರದು, ಮುಖ ಅವರದು, ನಿರ್ಣಯವೂ ಅವರದೇ. ಹಾಗೆಯೇ ಸೋದರಿಯವರೂ ಒಂದನ್ನು ತಮ್ಮಲ್ಲಿಯೇ ವಿಚಾರಿಸಲಿ: ಗಿರಾಕಿಗಳಿಗೆ ಕಾಣುವ ದಣಿವು ಮುಖದ್ದೋ ದೇಹದ್ದೋ? ವರ್ಷಗಟ್ಟಲೆ ರಜೆಯಿಲ್ಲದೆ ಗಲ್ಲೆಯ ಮೇಲೆ ಕುಳಿತವರಿಗೆ ರಕ್ತದೊತ್ತಡದ ತಪಾಸಣೆಯೊಡನೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳ ಪರೀಕ್ಷೆಯೂ ಆಗಬೇಕು. ಥೈರಾಯ್ಡ್ ಕುಂದಿದರೂ ಮುಖ ಊದಿ, ಸೋತು ಕಾಣುವುದುಂಟು. ಅದಕ್ಕೆ ಶಸ್ತ್ರ ಬೇಡ, ಗುಳಿಗೆ ಸಾಕು. ಆ ಪರೀಕ್ಷೆಗಳು ಹೇಗೂ ಶಸ್ತ್ರಚಿಕಿತ್ಸೆಗೆ ಮುನ್ನ ಬೇಕಾದುವೇ. ಅವನ್ನು ಮೊದಲು ಮಾಡಿಸಲಿ. ಫಲವನ್ನು ನೋಡಿದ ಮೇಲೂ ಇಚ್ಛೆ ಹಾಗೆಯೇ ಉಳಿದರೆ, ಮೂರು ತಿಂಗಳು ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು, ಮೇಲಿನ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಟ್ಟ ವೈದ್ಯರನ್ನು ಆರಿಸಲಿ. ಆ ವೈದ್ಯರು ಹೇಳುವ ಬಗೆಯ ಹೆಸರು ಯಾವುದಾದರೂ ಆಗಬಹುದು.